ನಾರ್ಡಿಕ್ ಫೋಕ್‌ಬೋಟ್

ನಾರ್ಡಿಕ್ ಫೋಕ್‌ಬೋಟ್ ಎಂಬುದು 1942ರಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡ, ಮರದ ಒಡಲಿನ, ಒಂದು ಕೂವೆಕಂಬದ ಚಿಕ್ಕ ಹಾಯಿದೋಣಿಯಾಗಿದೆ. ಇದರ ಉದ್ದ ಸುಮಾರು 7.64 ಮೀಟರ್, ಹಾಯಿಗಳ ಒಟ್ಟು ವಿಸ್ತೀರ್ಣ 24 ಚದರ ಮೀಟರ್. ಎರಡನೆಯ ಮಹಾಯುದ್ಧದ ನಡುವೆ ಜನ್ಮತಾಳಿದರೂ ಈ ದೋಣಿ ವ್ಯಾಪಕವಾಗಿ ಪ್ರಸಾರಗೊಂಡದ್ದು ಯುದ್ಧಾನಂತರದ ದಶಕಗಳಲ್ಲಿ. ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ಮತ್ತು ಜರ್ಮನಿಯ ಕರಾವಳಿಗಳಲ್ಲಿ, ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಹಾಗೂ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಇದು ಇಂದಿಗೂ ಬಳಕೆಯಲ್ಲಿದೆ.

ಸಾಧಾರಣ ವರಮಾನದ ಕುಟುಂಬವೊಂದು ಕೊಳ್ಳಬಹುದಾದ, ರಜೆಯ ದಿನಗಳಲ್ಲಿ ವಾಸಿಸಬಹುದಾದ ಮತ್ತು ವಾರಾಂತ್ಯದಲ್ಲಿ ಸ್ಪರ್ಧೆಗೂ ಇಳಿಸಬಹುದಾದ ದೋಣಿಯನ್ನು ನಿರ್ಮಿಸುವುದು ಇದರ ಮೂಲ ಉದ್ದೇಶವಾಗಿತ್ತು. ಈ ವರ್ಗದ ಎಲ್ಲ ದೋಣಿಗಳೂ ಒಂದೇ ನಕಾಶೆಯಂತೆ, ಒಂದೇ ಅಳತೆಯಲ್ಲಿ ನಿರ್ಮಾಣವಾಗಬೇಕೆಂಬ ನಿಯಮವಿದೆ. ಆದ್ದರಿಂದ ಇದು ಏಕವಿನ್ಯಾಸ ವರ್ಗಕ್ಕೆ ಸೇರುತ್ತದೆ. ಮರದ ಕಾಲ ಮುಗಿದು ಗಾಜುನಾರಿನ ಕಾಲ ಬಂದಾಗ ಹಳೆಯ ದೋಣಿಗಳು ನಿರುಪಯುಕ್ತವಾಗದಂತೆ ಈ ನಿಯಮವೇ ಕಾಪಾಡಿತು.

ಹೆಸರು

ಸ್ವೀಡಿಷ್ ಭಾಷೆಯಲ್ಲಿ ಇದನ್ನು ‘ನೂರ್ಡಿಸ್ಕ್ ಫೋಲ್ಕ್‌ಬೋಟ್’ ಎನ್ನುತ್ತಾರೆ. ‘ಫೋಲ್ಕ್’ ಎಂದರೆ ಜನ, ‘ಬೋಟ್’ ಎಂದರೆ ದೋಣಿ. ಹೀಗಾಗಿ ‘ಉತ್ತರದೇಶಗಳ ಜನದೋಣಿ’ ಎಂಬುದು ಇದರ ನೇರ ಅರ್ಥ. 1930ರ ದಶಕದ ಸ್ವೀಡನ್ನಿನಲ್ಲಿ ‘ಫೋಲ್ಕ್’ ಎಂಬ ಪದಕ್ಕೆ ವಿಶೇಷ ಮಹತ್ವವಿತ್ತು. ದೇಶವನ್ನು ಎಲ್ಲರ ಪಾಲಿನ ‘ಜನರ ಮನೆ’ಯಾಗಿ ಕಟ್ಟಬೇಕೆಂಬುದು ಅಂದಿನ ರಾಜಕೀಯ ಚಿಂತನೆಯ ಪ್ರಮುಖ ಆಶಯವಾಗಿತ್ತು. 1938ರಲ್ಲಿ ಅಲ್ಲಿನ ಕಾನೂನು ದುಡಿಯುವವರಿಗೆ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆಯನ್ನು ವಿಧಿಸಿತು. ರಜೆ ದೊರೆತ ಮೇಲೆ ಅದನ್ನು ಎಲ್ಲಿ, ಹೇಗೆ ಕಳೆಯಬೇಕೆಂಬ ಪ್ರಶ್ನೆ ಎದ್ದಿತು. ಸಾವಿರಾರು ನಡುಗಡ್ಡೆಗಳಿಂದ ಕೂಡಿದ ಕರಾವಳಿಯುಳ್ಳ ದೇಶದಲ್ಲಿ ಆ ಪ್ರಶ್ನೆಗೆ ದೋಣಿಯೂ ಒಂದು ಸಹಜವಾದ ಉತ್ತರವಾಗಿತ್ತು.

ಏಕವಿನ್ಯಾಸ ವರ್ಗದ ಹಿನ್ನೆಲೆ

ಹಾಯಿದೋಣಿಗಳ ಸ್ಪರ್ಧೆಯಲ್ಲಿ ಗೆಲುವು ನಾವಿಕನ ಕೌಶಲದಿಂದ ಬರಬೇಕೋ ಅಥವಾ ದೋಣಿಗೆ ಸುರಿದ ಹಣದಿಂದ ಬರಬೇಕೋ ಎಂಬುದು ಹಳೆಯ ಚರ್ಚೆ. ಪ್ರತಿಯೊಬ್ಬರೂ ತಮಗೆ ಬೇಕಾದ ವಿನ್ಯಾಸದ ದೋಣಿಯನ್ನು ತಂದರೆ, ಹೊಸ ಹಾಗೂ ದುಬಾರಿ ದೋಣಿಗೇ ಗೆಲ್ಲುವ ಅವಕಾಶ ಹೆಚ್ಚು. ಇದಕ್ಕೆ ಪರಿಹಾರವಾಗಿ ಎಲ್ಲರೂ ಒಂದೇ ಬಗೆಯ ದೋಣಿಯಲ್ಲಿ ಸ್ಪರ್ಧಿಸುವ ಪದ್ಧತಿ ಹುಟ್ಟಿತು. 1887ರಲ್ಲಿ ಐರ್ಲೆಂಡಿನ ಡಬ್ಲಿನ್ ಸಮೀಪ ಆರಂಭವಾದ ‘ವಾಟರ್ ವ್ಯಾಗ್’ ಎಂಬ ಚಿಕ್ಕ ದೋಣಿಯ ವರ್ಗವನ್ನು ಇದರ ಮೊದಲ ಉದಾಹರಣೆಯೆಂದು ಪರಿಗಣಿಸಲಾಗುತ್ತದೆ.

ಆದರೆ ಏಕವಿನ್ಯಾಸವೆಂದ ಮಾತ್ರಕ್ಕೆ ದೋಣಿ ಅಗ್ಗವಾಗಿಯೇ ಉಳಿಯುತ್ತದೆ ಎನ್ನುವಂತಿಲ್ಲ. ನಾರ್ವೆಯ ವಿನ್ಯಾಸಕಾರ ಯೋಹಾನ್ ಆಂಕರ್ 1929ರಲ್ಲಿ ರೂಪಿಸಿದ ‘ಡ್ರ್ಯಾಗನ್’ ಇದಕ್ಕೆ ನಿದರ್ಶನ. ಅದೂ ಗೋಥೆನ್‌ಬರ್ಗ್ ನಗರದ ನೌಕಾಸಂಘವೊಂದು ನಡೆಸಿದ ಸ್ಪರ್ಧೆಯ ಫಲವೇ; ಎಳೆಯರು ಕಡಿಮೆ ಖರ್ಚಿನಲ್ಲಿ ವಿಹರಿಸಲಿ ಎಂಬ ಉದ್ದೇಶವೇ ಅದರ ಹಿಂದೆಯೂ ಇತ್ತು. ಕಾಲಕ್ರಮದಲ್ಲಿ ಅದು ಶುದ್ಧ ಸ್ಪರ್ಧಾದೋಣಿಯಾಗಿ ಮಾರ್ಪಟ್ಟು, 1948ರಿಂದ 1972ರವರೆಗೆ ಒಲಿಂಪಿಕ್ ಕ್ರೀಡಾಕೂಟದಲ್ಲಿ ಸ್ಥಾನ ಪಡೆಯಿತು ಮತ್ತು ಶ್ರೀಮಂತರ ದೋಣಿಯೆಂದೇ ಹೆಸರಾಯಿತು. ಫೋಕ್‌ಬೋಟ್ ಎಂದೂ ಒಲಿಂಪಿಕ್ ವರ್ಗವಾಗಲಿಲ್ಲ. ವೆಚ್ಚದ ಪೈಪೋಟಿಯಿಂದ ಅದು ದೂರ ಉಳಿಯಲು ಇದೂ ಒಂದು ಕಾರಣವಾಯಿತು.

1941ರ ವಿನ್ಯಾಸ ಸ್ಪರ್ಧೆ

1941ರಲ್ಲಿ ಯುರೋಪಿನ ಬಹುಭಾಗ ಯುದ್ಧದಲ್ಲಿ ಮುಳುಗಿತ್ತು. ಡೆನ್ಮಾರ್ಕ್ ಮತ್ತು ನಾರ್ವೆಗಳು ಜರ್ಮನಿಯ ವಶದಲ್ಲಿದ್ದವು. ಸ್ವೀಡನ್ ತಟಸ್ಥವಾಗಿ ಉಳಿದಿತ್ತು. ಆ ವರ್ಷ ಸ್ಕ್ಯಾಂಡಿನೇವಿಯದ ಹಾಯಿದೋಣಿ ಸಂಘಗಳ ಒಕ್ಕೂಟವು ಹೊಸ ಜನಪ್ರಿಯ ದೋಣಿಯೊಂದಕ್ಕಾಗಿ ವಿನ್ಯಾಸ ಸ್ಪರ್ಧೆಯನ್ನು ಪ್ರಕಟಿಸಿತು. ಸ್ವೀಡನ್ನಿನ ಹಡಗುಸಂಸ್ಥೆಯ ಒಡೆಯರಾಗಿದ್ದ ಸ್ವೆನ್ ಸಲೇನ್ ಈ ಪ್ರಯತ್ನದ ಬೆನ್ನೆಲುಬಾಗಿದ್ದರು. ಸಲೇನ್ ಸ್ವತಃ ನುರಿತ ನಾವಿಕರು; 1936ರ ಒಲಿಂಪಿಕ್ ಕ್ರೀಡಾಕೂಟದ ಹಾಯಿದೋಣಿ ಸ್ಪರ್ಧೆಯಲ್ಲಿ ಕಂಚಿನ ಪದಕ ಪಡೆದ ತಂಡದಲ್ಲಿದ್ದವರು.

ಸ್ಪರ್ಧೆಗೆ ಬಂದ ನಕಾಶೆಗಳ ಸಂಖ್ಯೆ 58. ತೀರ್ಪುಗಾರರು ಅವುಗಳಲ್ಲಿ ಯಾವುದನ್ನೂ ಪ್ರಥಮ ಸ್ಥಾನಕ್ಕೆ ಆರಿಸಲಿಲ್ಲ. ಕೆಲವು ನಕಾಶೆಗಳಲ್ಲಿ ಒಳ್ಳೆಯ ಅಂಶಗಳು ಕಂಡವು; ಆದರೆ ಬೇಕಾದುದೆಲ್ಲವೂ ಒಂದೇ ನಕಾಶೆಯಲ್ಲಿ ಕೂಡಿಬಂದಿರಲಿಲ್ಲ. ಕೊನೆಗೆ ಉತ್ತಮ ನಕಾಶೆಗಳ ಗುಣಗಳನ್ನು ಒಂದುಗೂಡಿಸಿ ಹೊಸ ನಕಾಶೆಯೊಂದನ್ನು ಸಿದ್ಧಪಡಿಸುವ ಹೊಣೆಯನ್ನು ಟೂರ್ಡ್ ಸುಂಡೇನ್ ಎಂಬ ಸ್ವೀಡಿಷ್ ವಿನ್ಯಾಸಕಾರರಿಗೆ ಒಪ್ಪಿಸಲಾಯಿತು.

ಕೆಲಸ ವೇಗವಾಗಿ ನಡೆಯಿತು. ಮೊದಲ ದೋಣಿಯನ್ನು 1942ರ ಏಪ್ರಿಲ್ 23ರಂದು ಗೋಥೆನ್‌ಬರ್ಗಿನಲ್ಲಿ ನೀರಿಗಿಳಿಸಲಾಯಿತು.

ಕರ್ತೃತ್ವದ ಪ್ರಶ್ನೆ

ಫೋಕ್‌ಬೋಟಿನ ವಿನ್ಯಾಸಕಾರ ಯಾರು ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ‘ಸಮಿತಿಯೊಂದು ವಿನ್ಯಾಸಗೊಳಿಸಿದ ದೋಣಿ’ ಎಂಬ ವಿವರಣೆ ಬಹುಕಾಲ ಪ್ರಚಲಿತವಾಗಿತ್ತು. ನಕಾಶೆಯ ಗೆರೆಗಳನ್ನು ಎಳೆದವರು ಸುಂಡೇನ್. ಆದರೆ ಯಾವ ಅಂಶಗಳು ಉಳಿಯಬೇಕು, ಯಾವುದನ್ನು ಕೈಬಿಡಬೇಕು ಎಂಬ ನಿರ್ದೇಶನ ಸಮಿತಿಯದಾಗಿತ್ತು. ಆ ಅಂಶಗಳ ಮೂಲವು ಬೇರೆ ಬೇರೆ ಸ್ಪರ್ಧಿಗಳ ನಕಾಶೆಗಳಲ್ಲಿತ್ತು. ದೋಣಿ ಯಶಸ್ವಿಯಾದ ಮೇಲೆ ಶ್ರೇಯಸ್ಸಿನಲ್ಲಿ ಯಾರ ಪಾಲೆಷ್ಟು ಎಂಬ ವಾದಗಳು ಎದ್ದವು.

ಸುಂಡೇನ್ 1960ರ ದಶಕದಲ್ಲಿ ಇದೇ ಮಾದರಿಯನ್ನು ಆಧರಿಸಿ ಗಾಜುನಾರಿನ ದೋಣಿಯೊಂದನ್ನು ರೂಪಿಸಿದಾಗ, ಅದಕ್ಕೆ ‘ಇಂಟರ್‌ನ್ಯಾಷನಲ್ ಫೋಕ್‌ಬೋಟ್’ ಎಂದು ಹೆಸರಿಡಲಾಯಿತು. ‘ಫೋಕ್‌ಬೋಟ್’ ಎಂಬ ಪದದ ಬಳಕೆಯ ಬಗ್ಗೆ ಮೂಲ ವರ್ಗದ ಸಂಘದವರಿಂದ ಆಕ್ಷೇಪಣೆ ಬಂದುದರಿಂದ ಆ ದೋಣಿ ಮುಂದೆ ‘ಐಎಫ್ ದೋಣಿ’ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. ಮೂಲ ದೋಣಿಯ ಗೆರೆಗಳನ್ನು ಎಳೆದವರ ಇನ್ನೊಂದು ದೋಣಿಗೆ ಅದೇ ಹೆಸರು ದಕ್ಕಲಿಲ್ಲ. ಇಂದು ಸಾಮಾನ್ಯವಾಗಿ ಸುಂಡೇನ್ ಅವರ ಹೆಸರನ್ನೇ ವಿನ್ಯಾಸಕಾರರೆಂದು ದಾಖಲಿಸಲಾಗುತ್ತದೆ.

ವಿನ್ಯಾಸ

ಪ್ರಮುಖ ಅಳತೆಗಳು:

ಒಟ್ಟು ಉದ್ದ: ಸುಮಾರು 7.64 ಮೀಟರ್
ಜಲರೇಖೆಯ ಉದ್ದ: ಸುಮಾರು 6.00 ಮೀಟರ್
ಗರಿಷ್ಠ ಅಗಲ: 2.20 ಮೀಟರ್
ನೀರಿನಲ್ಲಿ ಮುಳುಗುವ ಆಳ: 1.20 ಮೀಟರ್
ತೂಕ: ಸುಮಾರು 1930 ಕಿ.ಗ್ರಾಂ
ಕೀಲಿನ ಕಬ್ಬಿಣದ ತೂಕ: ಸುಮಾರು 1000 ಕಿ.ಗ್ರಾಂ
ಹಾಯಿಗಳ ವಿಸ್ತೀರ್ಣ: 24 ಚದರ ಮೀಟರ್
ಸ್ಪರ್ಧೆಯಲ್ಲಿ ನಾವಿಕರ ಸಂಖ್ಯೆ: ಸಾಮಾನ್ಯವಾಗಿ 3

ಈ ಅಂಕಿಗಳಲ್ಲಿ ಮುಖ್ಯವಾದುದು ಕೀಲಿನ ತೂಕ. ಕೀಲ್ ಎಂದರೆ ದೋಣಿಯ ತಳದಲ್ಲಿ ಉದ್ದಕ್ಕೂ ಇರುವ ಬೆನ್ನೆಲುಬು. ಫೋಕ್‌ಬೋಟಿನ ಒಟ್ಟು ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಈ ಬೆನ್ನೆಲುಬಿಗೆ ಬಿಗಿದ ಕಬ್ಬಿಣದ್ದು. ಗಾಳಿ ಹಾಯಿಯನ್ನು ಒತ್ತಿ ದೋಣಿಯನ್ನು ವಾಲಿಸಿದಾಗ, ಕೆಳಗಿನ ಈ ಭಾರ ಅದನ್ನು ಮತ್ತೆ ನೇರವಾಗಿಸುತ್ತದೆ. ಬಿರುಸಾದ ಗಾಳಿಯಲ್ಲಿಯೂ ಈ ಚಿಕ್ಕ ದೋಣಿ ಗಟ್ಟಿಯಾಗಿ ನಿಲ್ಲುವುದಕ್ಕೆ ಇದೇ ಕಾರಣ. ಇಷ್ಟೇ ಉದ್ದದ ಅನೇಕ ದೋಣಿಗಳು ಹಾಯಿಯನ್ನು ಕಿರಿದುಗೊಳಿಸಬೇಕಾದ ಗಾಳಿಯಲ್ಲಿ ಫೋಕ್‌ಬೋಟ್ ಪೂರ್ಣ ಹಾಯಿಯೊಂದಿಗೆ ಸಾಗಬಲ್ಲದು.

ಕೀಲು ಉದ್ದವಾಗಿರುವುದರಿಂದ ದೋಣಿ ತನ್ನ ದಿಕ್ಕನ್ನು ಸುಲಭವಾಗಿ ಬಿಡುವುದಿಲ್ಲ. ಚುಕ್ಕಾಣಿಯನ್ನು ಹಿಂಬದಿಯ ಇಳಿಜಾರು ಹಲಗೆಯ ಹೊರಮೈಗೆ ನೇರವಾಗಿ ತೂಗುಹಾಕಲಾಗಿದೆ. ಒಡಲಿಗೆ ರಂಧ್ರ ಕೊರೆದು ಚುಕ್ಕಾಣಿಯ ದಂಡವನ್ನು ತೂರಿಸುವ ಅಗತ್ಯ ಇಲ್ಲಿಲ್ಲ. ಇದರಿಂದ ನಿರ್ಮಾಣದ ವೆಚ್ಚ ತಗ್ಗುತ್ತದೆ; ದುರಸ್ತಿಯೂ ಸುಲಭ.

ಕೂವೆಕಂಬದ ತುದಿಯವರೆಗೆ ಏರುವ ದೊಡ್ಡ ಹಾಯಿ ಹಾಗೂ ಅದಕ್ಕಿಂತ ತಗ್ಗಿನಲ್ಲಿ ಕೊನೆಗೊಳ್ಳುವ ಚಿಕ್ಕ ಮುಂಗಡೆಯ ಹಾಯಿ ಇದರ ಹಾಯಿವ್ಯವಸ್ಥೆ. ಮುಂದಿನ ಹಾಯಿ ಚಿಕ್ಕದಾದುದರಿಂದ ಹೆಚ್ಚು ತೋಳ್ಬಲವಿಲ್ಲದವರೂ ಅದನ್ನು ನಿರ್ವಹಿಸಬಲ್ಲರು. ಗಾಳಿಯೊಂದಿಗೆ ಸಾಗುವಾಗ ಇತರ ವರ್ಗಗಳಲ್ಲಿ ಬಿಚ್ಚುವ ಬಲೂನಿನಾಕಾರದ ಹೆಚ್ಚುವರಿ ಹಾಯಿಗೆ ಈ ವರ್ಗದ ನಿಯಮಗಳಲ್ಲಿ ಅವಕಾಶವಿಲ್ಲ. ಅದರ ಬದಲು ಮುಂದಿನ ಹಾಯಿಯನ್ನೇ ಕೋಲೊಂದರಿಂದ ಹೊರಕ್ಕೆ ಚಾಚಿ ಹಿಡಿಯಲಾಗುತ್ತದೆ.

ವೇಗದ ದೃಷ್ಟಿಯಿಂದ ಇದು ಅಸಾಧಾರಣ ದೋಣಿಯಲ್ಲ. ಭಾರವಾದ ಒಡಲುಳ್ಳ ದೋಣಿಯ ವೇಗಕ್ಕೆ ಜಲರೇಖೆಯ ಉದ್ದವೇ ಮಿತಿ ಹಾಕುತ್ತದೆ. 6 ಮೀಟರ್ ಜಲರೇಖೆಗೆ ಆ ಮಿತಿ ಸುಮಾರು 6 ನಾಟ್, ಅಂದರೆ ಗಂಟೆಗೆ 11 ಕಿಲೋಮೀಟರ್. ಬಲವಾಗಿ ಸೈಕಲ್ ತುಳಿಯುವವನು ಇದಕ್ಕಿಂತ ಬೇಗ ಹೋಗಬಲ್ಲ. ಆದರೆ ಅಲೆಗಳೆದ್ದ ಕಡಲಿನಲ್ಲಿ ಹಗಲಿರುಳು ಸಾಗಬೇಕಾದಾಗ ವೇಗಕ್ಕಿಂತ ಸಮತೋಲವೇ ಹೆಚ್ಚು ಬೆಲೆಯುಳ್ಳದ್ದೆಂದು ಮುಂದಿನ ಯಾನಗಳು ತೋರಿಸಿದವು.

ಒಳಗಿನ ಕೋಣೆ ಸರಳವಾದುದು. ಅದರಲ್ಲಿ ಕುಳಿತುಕೊಳ್ಳಬಹುದು, ಮಲಗಬಹುದು, ನೆಟ್ಟಗೆ ನಿಲ್ಲಲಾಗದು. ಮೂಲ ವಿನ್ಯಾಸದಲ್ಲಿ ನಾವಿಕರು ಕೂರುವ ಹಿಂಬದಿಯ ತಗ್ಗಿಗೆ ನುಗ್ಗಿದ ನೀರು ತಾನಾಗಿ ಹೊರಹೋಗುವ ಏರ್ಪಾಡಿರಲಿಲ್ಲ. ನೀರು ತಳಕ್ಕಿಳಿಯುತ್ತಿತ್ತು, ಅದನ್ನು ಪಂಪಿನಿಂದ ಎತ್ತಿ ಹಾಕಬೇಕಾಗಿತ್ತು. ಸಾಗರಯಾನ ಕೈಗೊಂಡ ಬಹುಮಂದಿ ಈ ಭಾಗವನ್ನು ಮಾರ್ಪಡಿಸಿಕೊಂಡಿದ್ದಾರೆ.

ಮರದ ನಿರ್ಮಾಣ

ಮೂಲ ಫೋಕ್‌ಬೋಟ್ ‘ಕ್ಲಿಂಕರ್’ ಪದ್ಧತಿಯಲ್ಲಿ ನಿರ್ಮಾಣವಾಗುತ್ತದೆ. ಮನೆಯ ಮಾಡಿಗೆ ಹೆಂಚು ಹೊದಿಸುವಾಗ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಜೋಡಿಸುವುದನ್ನು ನೆನೆದರೆ ಈ ಪದ್ಧತಿ ಅರ್ಥವಾಗುತ್ತದೆ. ಕೀಲಿನಿಂದ ಆರಂಭಿಸಿ, ಪ್ರತಿಯೊಂದು ಹಲಗೆಯೂ ಕೆಳಗಿನ ಹಲಗೆಯ ಮೇಲಂಚನ್ನು ಸ್ವಲ್ಪ ಆವರಿಸುವಂತೆ ಕೂರಿಸಿ, ಎರಡೂ ಸೇರುವಲ್ಲಿ ತಾಮ್ರದ ಮೊಳೆಗಳನ್ನು ಹೊಡೆದು, ಒಳಬದಿಯಲ್ಲಿ ತುದಿಯನ್ನು ತಟ್ಟಿ ಬಿಗಿಯಲಾಗುತ್ತದೆ. ಒಳಗಿನ ಪಕ್ಕೆಲುಬುಗಳು ಸಾಮಾನ್ಯವಾಗಿ ಓಕ್ ಮರದವು. ಓಕ್ ಪಟ್ಟಿಗಳನ್ನು ಹಬೆಯಲ್ಲಿ ಮೆತ್ತಗಾಗಿಸಿ, ಬಿಸಿಯಿರುವಾಗಲೇ ಒಡಲಿನ ಆಕಾರಕ್ಕೆ ಬಗ್ಗಿಸಿ ಕೂರಿಸುತ್ತಾರೆ. ಹಲಗೆಗಳಿಗೆ ಪೈನ್, ಲಾರ್ಚ್, ಮಹಾಗನಿ ಮುಂತಾದ ಮರಗಳನ್ನು ಬಳಸಲಾಗಿದೆ.

ಇದು ಸ್ಕ್ಯಾಂಡಿನೇವಿಯದ ಅತಿ ಪ್ರಾಚೀನ ನೌಕಾಕಲೆ. ನಾರ್ವೆಯಲ್ಲಿ ಉತ್ಖನನಗೊಂಡ ಒಸೆಬರ್ಗ್ ಮತ್ತು ಗೋಕ್‌ಸ್ಟಾಡ್ ಎಂಬ ವೈಕಿಂಗ್ ಕಾಲದ ನೌಕೆಗಳೂ ಇದೇ ಪದ್ಧತಿಯವು. 2021ರಲ್ಲಿ ಯುನೆಸ್ಕೊ ಸಂಸ್ಥೆಯು ಉತ್ತರದೇಶಗಳ ಕ್ಲಿಂಕರ್ ದೋಣಿ ಪರಂಪರೆಯನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಫೋಕ್‌ಬೋಟ್ ನಿರ್ಮಾಣಕ್ಕೆ ಈ ಪದ್ಧತಿಯನ್ನು ಆರಿಸಿದ್ದಕ್ಕೆ ಪರಂಪರೆಯ ಮೇಲಿನ ಅಭಿಮಾನಕ್ಕಿಂತ ಪ್ರಾಯೋಗಿಕ ಕಾರಣಗಳೇ ಮುಖ್ಯ. ಅಂಚುಗಳು ಒಂದರ ಮೇಲೊಂದು ಬರುವುದರಿಂದ ಒಡಲಿಗೆ ಬಿಗುಪು ಹೆಚ್ಚು. ಹೀಗಾಗಿ ತೆಳುವಾದ ಹಲಗೆಯೇ ಸಾಕು. ಹಲಗೆಗಳ ನಡುವೆ ಹತ್ತಿಯನ್ನು ತುರುಕುವ ಶ್ರಮವಿಲ್ಲ. ಜೊತೆಗೆ, ಈ ಕೆಲಸ ಬಲ್ಲ ಬಡಗಿಗಳು ಬಾಲ್ಟಿಕ್ ತೀರದ ಊರೂರಲ್ಲೂ ಇದ್ದರು. ದೊಡ್ಡ ಕಾರ್ಖಾನೆಯಿಲ್ಲದೆಯೇ ಸಣ್ಣ ಕಮ್ಮಟಗಳಲ್ಲಿ ಇದನ್ನು ಕಟ್ಟಬಹುದಾಗಿತ್ತು.

ಮರದ ದೋಣಿಯ ವಾರ್ಷಿಕ ಚಕ್ರವೂ ಅಲ್ಲಿನ ಹವಾಮಾನಕ್ಕೆ ಹೊಂದಿಕೊಂಡಿದೆ. ಚಳಿಗಾಲದಲ್ಲಿ ಬಾಲ್ಟಿಕ್ ಸಮುದ್ರದ ಅನೇಕ ಬಂದರುಗಳು ಹೆಪ್ಪುಗಟ್ಟುವುದರಿಂದ ದೋಣಿಗಳನ್ನು ದಡಕ್ಕೆ ಎಳೆದು ಮುಚ್ಚಿಡುತ್ತಾರೆ. ತಿಂಗಳುಗಟ್ಟಲೆ ಒಣಗಿದ ಹಲಗೆಗಳು ಕುಗ್ಗಿ ಸಂದುಗಳು ತೆರೆದುಕೊಳ್ಳುತ್ತವೆ. ವಸಂತದಲ್ಲಿ ಉಜ್ಜಿ, ಬಣ್ಣ ಅಥವಾ ವಾರ್ನಿಷ್ ಬಳಿದು ನೀರಿಗಿಳಿಸಿದಾಗ ಮೊದಲ ಒಂದೆರಡು ದಿನ ನೀರು ಒಸರುತ್ತದೆ. ಮರ ನೀರನ್ನು ಹೀರಿ ಉಬ್ಬಿದಂತೆಲ್ಲ ಸಂದುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪಿನಂಶ ಬಹಳ ಕಡಿಮೆ. ಆದ್ದರಿಂದ ಮರವನ್ನು ಕೊರೆಯುವ ಹಡಗುಹುಳು ಅದರ ಬಹುಭಾಗದಲ್ಲಿ ಬದುಕಲಾರದು. 1628ರಲ್ಲಿ ಮುಳುಗಿದ ‘ವಾಸಾ’ ಯುದ್ಧನೌಕೆ ಮೂರು ಶತಮಾನ ಕೆಡದೆ ಉಳಿದದ್ದಕ್ಕೂ ಇದು ಮುಖ್ಯ ಕಾರಣ.

ಯುದ್ಧಾನಂತರದ ಪ್ರಸಾರ

1945ರ ನಂತರ ಫೋಕ್‌ಬೋಟ್ ಮೊದಲು ಡೆನ್ಮಾರ್ಕ್, ಫಿನ್ಲೆಂಡ್ ಮತ್ತು ಜರ್ಮನಿಗಳಲ್ಲಿ ಹರಡಿತು. ಮರ, ಕಬ್ಬಿಣ, ಬಟ್ಟೆ ಎಲ್ಲವೂ ದುರ್ಲಭವಾಗಿದ್ದ ಕಾಲದಲ್ಲಿ ಕಡಿಮೆ ಸಾಮಗ್ರಿಯನ್ನು ಬೇಡುವ, ಆದರೂ ಸಮುದ್ರಕ್ಕೆ ತಕ್ಕುದಾದ ದೋಣಿಗೆ ಬೇಡಿಕೆಯಿತ್ತು. ನೆರೆದೇಶಗಳು ಕೆಲವೇ ವರ್ಷಗಳ ಹಿಂದೆ ಶತ್ರುಗಳಾಗಿದ್ದವು. ಈಗ ಅವುಗಳ ನಾವಿಕರು ಒಂದೇ ಅಳತೆಯ ದೋಣಿಗಳಲ್ಲಿ ಪರಸ್ಪರ ಸ್ಪರ್ಧಿಸುವಂತಾಯಿತು.

ಬ್ರಿಟನ್ನಿನಲ್ಲಿ ಈ ದೋಣಿ ಬೇರೊಂದು ದಾರಿ ಹಿಡಿಯಿತು. ಅಲ್ಲಿ ವರ್ಗದ ನಿಯಮಗಳಂತೆ ಕಟ್ಟಿದ ದೋಣಿಗಳ ಜೊತೆಗೆ, ಹಲಗೆಗಳನ್ನು ಅಂಚಿಗೆ ಅಂಚು ಸೇರಿಸಿ ನುಣುಪಾದ ಮೈ ಕೊಟ್ಟ, ಕೋಣೆಯನ್ನು ಎತ್ತರಿಸಿದ ಮಾರ್ಪಾಟುಗಳೂ ಬಂದವು. ಇವು ಏಕವಿನ್ಯಾಸ ಸ್ಪರ್ಧೆಗೆ ಅರ್ಹವಲ್ಲದಿದ್ದರೂ ದೂರಯಾನಕ್ಕೆ ಅನುಕೂಲವಾಗಿದ್ದವು. ಅಮೆರಿಕದ ಪಶ್ಚಿಮ ತೀರದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಫೋಕ್‌ಬೋಟಿನ ಎರಡನೆಯ ನೆಲೆಯಾಯಿತು. ಬೇಸಗೆಯ ಮಧ್ಯಾಹ್ನಗಳಲ್ಲಿ ಗೋಲ್ಡನ್ ಗೇಟ್ ಕಂಡಿಯ ಮೂಲಕ ಬಿರುಸಾಗಿ ನುಗ್ಗುವ ಗಾಳಿ ಈ ಭಾರವಾದ ಕೀಲಿನ ದೋಣಿಗೆ ಹೇಳಿಮಾಡಿಸಿದಂತಿತ್ತು.

ಸಾಗರಯಾನಗಳು

ಕರಾವಳಿಯ ವಿಹಾರಕ್ಕೆಂದು ರೂಪಿಸಿದ ದೋಣಿ ಮಹಾಸಾಗರಗಳನ್ನು ದಾಟಿದ್ದು ಅದರ ಇತಿಹಾಸದ ಅನಿರೀಕ್ಷಿತ ಅಧ್ಯಾಯ. ಇದರಲ್ಲಿ ‘ಜೆಸ್ಟರ್’ ಎಂಬ ದೋಣಿಯ ಹೆಸರು ಅಗ್ರಗಣ್ಯವಾದುದು. 1953ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಲಾದ ಇದು ನುಣುಪು ಮೈಯ, ಮಾರ್ಪಡಿಸಿದ ಫೋಕ್‌ಬೋಟ್. ಇದರ ಒಡೆಯ ಹರ್ಬರ್ಟ್ ಹ್ಯಾಸ್ಲರ್ ಬ್ರಿಟಿಷ್ ನೌಕಾಸೇನೆಯ ರಾಯಲ್ ಮೆರೀನ್ಸ್ ದಳದ ನಿವೃತ್ತ ಅಧಿಕಾರಿ. 1942ರಲ್ಲಿ ಸಣ್ಣ ಮಡಚುದೋಣಿಗಳಲ್ಲಿ ಫ್ರಾನ್ಸಿನ ಬೋರ್ಡೋ ಬಂದರಿಗೆ ನುಗ್ಗಿ ಶತ್ರುಹಡಗುಗಳಿಗೆ ಸ್ಫೋಟಕಗಳನ್ನು ಅಂಟಿಸಿದ ದಾಳಿಯ ನಾಯಕರು ಇವರೇ.

ಹ್ಯಾಸ್ಲರ್ ತಮ್ಮ ದೋಣಿಯ ಹಾಯಿವ್ಯವಸ್ಥೆಯನ್ನು ಬದಲಿಸಿ, ಚೀನೀ ನೌಕೆಗಳ ಮಾದರಿಯಲ್ಲಿ ಅಡ್ಡಪಟ್ಟಿಗಳುಳ್ಳ ಒಂದೇ ಹಾಯಿಯನ್ನು ಅಳವಡಿಸಿದರು. ದೋಣಿಯ ಮೇಲ್ಭಾಗವನ್ನು ಮುಚ್ಚಿ, ನಡುವಿನ ಕಿಂಡಿಯಲ್ಲಿ ನಿಂತೇ ಹಾಯಿಯನ್ನು ಏರಿಸಿ ಇಳಿಸುವಂತೆ ಮಾಡಿದರು. ಗಾಳಿಯ ದಿಕ್ಕನ್ನು ಅನುಸರಿಸಿ ದೋಣಿಯನ್ನು ತಾನಾಗಿ ನಡೆಸುವ ಚುಕ್ಕಾಣಿ ಸಾಧನವನ್ನೂ ಅವರು ರೂಪಿಸಿದರು. ಒಬ್ಬನೇ ನಾವಿಕ ನಿದ್ರಿಸುವಾಗಲೂ ದೋಣಿ ಸಾಗುತ್ತಿರಬೇಕೆಂಬುದು ಇದರ ಉದ್ದೇಶ.

1960ರಲ್ಲಿ ಹ್ಯಾಸ್ಲರ್ ಅವರ ಕಲ್ಪನೆಯಂತೆ ಇಂಗ್ಲೆಂಡಿನ ಪ್ಲಿಮತ್‌ನಿಂದ ನ್ಯೂಯಾರ್ಕಿಗೆ ಮೊದಲ ಏಕಾಂಗಿ ಅಟ್ಲಾಂಟಿಕ್ ಸ್ಪರ್ಧೆ ನಡೆಯಿತು. ಗುರಿ ಮುಟ್ಟಿದವರು ಐವರು. ತಮ್ಮ ದೊಡ್ಡ ದೋಣಿ ‘ಜಿಪ್ಸಿ ಮಾತ್ 3’ರಲ್ಲಿ 40 ದಿನಗಳಲ್ಲಿ ತಲುಪಿದ ಫ್ರಾನ್ಸಿಸ್ ಚಿಚೆಸ್ಟರ್ ಮೊದಲಿಗರಾದರು. ಹ್ಯಾಸ್ಲರ್ ‘ಜೆಸ್ಟರ್’ನಲ್ಲಿ 48 ದಿನಗಳಲ್ಲಿ ದಾಟಿ ಎರಡನೆಯವರಾದರು. ನಾಲ್ಕನೆಯವರಾದ ವೇಲ್ಸಿನ ವ್ಯಾಲೆಂಟೈನ್ ಹಾವೆಲ್ಸ್ ಅವರ ‘ಐರಾ’ ಕೂಡ ಫೋಕ್‌ಬೋಟ್ ಆಗಿತ್ತು. ಹೀಗೆ ಐದು ದೋಣಿಗಳಲ್ಲಿ ಎರಡು ಇದೇ ಮಾದರಿಯವು.

1964ರ ಸ್ಪರ್ಧೆಯ ನಂತರ ‘ಜೆಸ್ಟರ್’ ಮೈಕೆಲ್ ರಿಚಿ ಅವರ ಕೈಸೇರಿತು. ನೌಕಾಪಥ ಶಾಸ್ತ್ರದ ವಿದ್ವಾಂಸರಾದ ರಿಚಿ ಎರಡು ದಶಕಗಳಿಗೂ ಹೆಚ್ಚು ಕಾಲ ಅದರಲ್ಲಿ ಅಟ್ಲಾಂಟಿಕ್ ಸ್ಪರ್ಧೆಗಳಲ್ಲಿ ಭಾಗವಹಿಸಿದರು. ಸ್ಪರ್ಧೆಯ ಇತರ ದೋಣಿಗಳು ವರ್ಷದಿಂದ ವರ್ಷಕ್ಕೆ ಉದ್ದವಾಗಿ, ದುಬಾರಿಯಾಗಿ ಬೆಳೆದರೂ ‘ಜೆಸ್ಟರ್’ ಎಂಜಿನ್ ಕೂಡ ಇಲ್ಲದೆ ಹಳೆಯ ರೂಪದಲ್ಲಿಯೇ ಬರುತ್ತಿತ್ತು. 1988ರ ಸ್ಪರ್ಧೆಯಲ್ಲಿ ಅದು ಬಿರುಗಾಳಿಗೆ ಸಿಕ್ಕಿ ಹಾನಿಗೊಂಡಿತು. ಆಗ ಎಪ್ಪತ್ತು ದಾಟಿದ್ದ ರಿಚಿ ಅವರನ್ನು ಹಡಗೊಂದು ರಕ್ಷಿಸಿತು; ದೋಣಿ ಮಾತ್ರ ಕಡಲಿನಲ್ಲಿ ಕಳೆದುಹೋಯಿತು. ಅಭಿಮಾನಿಗಳ ನೆರವಿನಿಂದ ಅದರ ಪ್ರತಿರೂಪವನ್ನು ಕಟ್ಟಲಾಯಿತು. 1992ರಲ್ಲಿ ರಿಚಿ ಅದರಲ್ಲಿಯೇ ಮತ್ತೆ ಸ್ಪರ್ಧೆಗಿಳಿದರು. 2006ರಲ್ಲಿ ಚಿಕ್ಕ ದೋಣಿಗಳ ಏಕಾಂಗಿ ನಾವಿಕರಿಗಾಗಿ ಆರಂಭವಾದ ‘ಜೆಸ್ಟರ್ ಚಾಲೆಂಜ್’ ಯಾನಕ್ಕೆ ಈ ದೋಣಿಯ ಹೆಸರನ್ನೇ ಇಡಲಾಗಿದೆ.

ಪೆಸಿಫಿಕ್ ಸಾಗರದಲ್ಲಿಯೂ ಫೋಕ್‌ಬೋಟ್ ಹೆಸರು ಗಳಿಸಿತು. 1965ರಲ್ಲಿ ಅಮೆರಿಕದ ಶರೋನ್ ಸೈಟ್ಸ್ ಆಡಮ್ಸ್ ‘ಸೀ ಶಾರ್ಪ್’ ಎಂಬ ಫೋಕ್‌ಬೋಟಿನಲ್ಲಿ ಕ್ಯಾಲಿಫೋರ್ನಿಯದಿಂದ ಹವಾಯಿಗೆ 39 ದಿನಗಳಲ್ಲಿ ಒಬ್ಬರೇ ತಲುಪಿ, ಆ ಮಾರ್ಗದಲ್ಲಿ ಏಕಾಂಗಿಯಾಗಿ ಸಾಗಿದ ಮೊದಲ ಮಹಿಳೆಯಾದರು.

ಗಾಜುನಾರಿನ ಬಿಕ್ಕಟ್ಟು

1960ರ ದಶಕದಲ್ಲಿ ದೋಣಿ ನಿರ್ಮಾಣದ ಸ್ವರೂಪವೇ ಬದಲಾಯಿತು. ಗಾಜಿನ ನಾರಿಗೆ ರಾಳವನ್ನು ಸೇರಿಸಿ ಅಚ್ಚಿನಲ್ಲಿ ಎರಕ ಹೊಯ್ದಂತೆ ಒಡಲುಗಳನ್ನು ತೆಗೆಯುವ ವಿಧಾನ ಬಂದಿತು. ಅಚ್ಚು ಒಮ್ಮೆ ಸಿದ್ಧವಾದರೆ ದೋಣಿಗಳನ್ನು ಬೇಗಬೇಗನೆ ತಯಾರಿಸಬಹುದು. ನುರಿತ ಬಡಗಿಯ ನೂರಾರು ಗಂಟೆಗಳ ಶ್ರಮ ಉಳಿಯುತ್ತದೆ. ಇತ್ತ ಒಳ್ಳೆಯ ಮರದ ಬೆಲೆ ಏರುತ್ತಿತ್ತು. ಬಡಗಿಗಳ ಕಮ್ಮಟಗಳು ಮುಚ್ಚುತ್ತಿದ್ದವು. ಅಗ್ಗವೆಂಬ ಕಾರಣಕ್ಕೆ ಹುಟ್ಟಿದ ಮರದ ದೋಣಿ ಈಗ ದುಬಾರಿಯಾಯಿತು.

ಫೋಕ್‌ಬೋಟ್ ವರ್ಗದ ಮುಂದೆ ಎರಡು ದಾರಿಗಳಿದ್ದವು. ಮರವನ್ನೇ ನೆಚ್ಚಿಕೊಂಡರೆ ಹೊಸ ದೋಣಿಗಳು ಹುಟ್ಟದೆ ವರ್ಗ ಕ್ಷೀಣಿಸುತ್ತಿತ್ತು. ಹಗುರವಾದ ಹೊಸ ಒಡಲುಗಳಿಗೆ ಮುಕ್ತವಾಗಿ ಅವಕಾಶ ಕೊಟ್ಟರೆ, ಮರದ ದೋಣಿಗಳೆಲ್ಲ ಒಂದೇ ಋತುವಿನಲ್ಲಿ ಸೋಲುವ ದೋಣಿಗಳಾಗುತ್ತಿದ್ದವು. ದುಡಿದ ಹಣದಿಂದ ಅವುಗಳನ್ನು ಕೊಂಡ ಸಾಮಾನ್ಯ ಕುಟುಂಬಗಳಿಗೆ ಅನ್ಯಾಯವಾಗುತ್ತಿತ್ತು.

1970ರ ದಶಕದಲ್ಲಿ ಕಂಡುಕೊಂಡ ಪರಿಹಾರ ಇವೆರಡರ ನಡುವಿನದು. ಡೆನ್ಮಾರ್ಕಿನ ಕೆರ್ಟೆಮಿಂಡೆ ಪಟ್ಟಣದಲ್ಲಿ ಸ್ವೆಂಡ್ಸೆನ್ ಕಮ್ಮಟವು ಮರದ ದೋಣಿಯ ಆಕಾರವನ್ನೇ ಅನುಸರಿಸುವ ಗಾಜುನಾರಿನ ಒಡಲನ್ನು ತಯಾರಿಸಿತು. ಒಂದರ ಮೇಲೊಂದು ಬರುವ ಹಲಗೆಗಳ ಅಂಚುಗಳು ಕೂಡ ಅಚ್ಚಿನಲ್ಲಿಯೇ ಮೂಡಿಬರುವಂತೆ ಮಾಡಲಾಯಿತು. ಗಾಜುನಾರಿಗೆ ಈ ಅಂಚುಗಳ ಅವಶ್ಯಕತೆಯಿಲ್ಲ. ಆದರೆ ನೀರು ಒಡಲನ್ನು ದಾಟಿಹೋಗುವ ರೀತಿ ಎರಡರಲ್ಲೂ ಒಂದೇ ಆಗಬೇಕಾದರೆ ಆಕಾರ ಒಂದೇ ಆಗಿರಬೇಕು. ಹಾಗೆಯೇ ಹೊಸ ದೋಣಿಯ ತೂಕವೂ ಮರದ ದೋಣಿಗೆ ಸಮನಾಗಿರಬೇಕೆಂಬ ನಿಯಮವಿದೆ. ವಸ್ತು ಹಗುರವಾಗಿರುವುದರ ಲಾಭವನ್ನು ಯಾರೂ ಪಡೆಯುವಂತಿಲ್ಲ.

ಇದರ ಫಲವಾಗಿ ಮರದ ದೋಣಿಗಳೂ ಗಾಜುನಾರಿನ ದೋಣಿಗಳೂ ಇಂದಿಗೂ ಒಂದೇ ಸಾಲಿನಲ್ಲಿ ಹೊರಟು ಸ್ಪರ್ಧಿಸುತ್ತವೆ. ಅನೇಕ ಮರದ ವರ್ಗಗಳು ವಸ್ತುಸಂಗ್ರಹಾಲಯ ಸೇರಿದ ಕಾಲದಲ್ಲಿ ಈ ವರ್ಗ ಜೀವಂತವಾಗಿ ಉಳಿದುದಕ್ಕೆ ಈ ನಿರ್ಧಾರವೇ ಮುಖ್ಯ ಕಾರಣ. ಟೀಕೆ ಇಲ್ಲದಿಲ್ಲ. ಹಲಗೆಯಿಲ್ಲದ ಒಡಲಿಗೆ ಹಲಗೆಯ ರೂಪ ಕೊಡುವುದು ಕೃತಕವೆಂದು ಕೆಲವರಿಗೆ ತೋರುತ್ತದೆ. ಗಾಜುನಾರಿನ ದೋಣಿಯ ಮೈ ವರ್ಷಗಟ್ಟಲೆ ಬಿಗಿಯಾಗಿರುವುದರಿಂದ, ಹಳೆಯ ಮರದ ದೋಣಿಯನ್ನು ಅದಕ್ಕೆ ಸರಿಸಮವಾಗಿ ಇಟ್ಟುಕೊಳ್ಳಲು ಹೆಚ್ಚಿನ ಆರೈಕೆ ಬೇಕಾಗುತ್ತದೆ ಎಂಬುದೂ ನಿಜ.

ಫೋಕ್‌ಬೋಟ್ ಸಂತತಿ

ಅನೇಕ ದೋಣಿಗಳು ಫೋಕ್‌ಬೋಟಿನಿಂದ ಪ್ರೇರಣೆ ಪಡೆದಿವೆ. ಅವುಗಳಲ್ಲಿ ಮುಖ್ಯವಾದವು:

ಸ್ಟೆಲ್ಲಾ: ಇಂಗ್ಲೆಂಡಿನ ವಿನ್ಯಾಸಕಾರ ಕಿಮ್ ಹೋಲ್ಮನ್ 1959ರಲ್ಲಿ ಅಲ್ಲಿನ ಪೂರ್ವ ಕರಾವಳಿಗಾಗಿ ರೂಪಿಸಿದ ಮರದ ಕ್ಲಿಂಕರ್ ದೋಣಿ. ಫೋಕ್‌ಬೋಟಿನ ಒಡಲನ್ನೇ ಆಧರಿಸಿ, ಹಗುರ ಗಾಳಿಗೆ ಹೊಂದುವಂತೆ ಹೆಚ್ಚು ಹಾಯಿಯನ್ನು ನೀಡಲಾಯಿತು.

ಐಎಫ್ ದೋಣಿ: ಸುಂಡೇನ್ ರೂಪಿಸಿದ ನುಣುಪು ಮೈಯ ಗಾಜುನಾರಿನ ದೋಣಿ. ಸ್ವೀಡನ್ನಿನ ಮಾರಿಯೆಹೋಲ್ಮ್ ಸಂಸ್ಥೆಯು 1967ರಿಂದ 1984ರವರೆಗೆ 3400ಕ್ಕೂ ಹೆಚ್ಚು ದೋಣಿಗಳನ್ನು ತಯಾರಿಸಿತು.

ಕಾಂಟೆಸ್ಸಾ 26: ಇಂಗ್ಲೆಂಡಿನ ಲಿಮಿಂಗ್ಟನ್‌ನಲ್ಲಿ ಮರದ ಫೋಕ್‌ಬೋಟ್‌ಗಳನ್ನು ಕಟ್ಟುತ್ತಿದ್ದ ಜೆರೆಮಿ ರಾಜರ್ಸ್, ವಿನ್ಯಾಸಕಾರ ಡೇವಿಡ್ ಸ್ಯಾಡ್ಲರ್ ಅವರೊಂದಿಗೆ 1960ರ ದಶಕದ ಮಧ್ಯಭಾಗದಲ್ಲಿ ಹೊರತಂದ ಗಾಜುನಾರಿನ ದೋಣಿ. ಅಮೆರಿಕದ ಟಾನಿಯಾ ಏಬಿ ಎಂಬ ಯುವತಿ 18ನೆಯ ವಯಸ್ಸಿನಲ್ಲಿ ‘ವರುಣ’ ಎಂಬ ಹೆಸರಿನ ಕಾಂಟೆಸ್ಸಾ ದೋಣಿಯಲ್ಲಿ ನ್ಯೂಯಾರ್ಕಿನಿಂದ ಹೊರಟು, 1985ರಿಂದ 1987ರ ಅವಧಿಯಲ್ಲಿ ಭೂಮಿಯನ್ನು ಸುತ್ತಿಬಂದರು. ಜಲಾಧಿದೇವತೆಯಾದ ವರುಣನ ಹೆಸರು ಭಾರತೀಯ ಓದುಗರಿಗೆ ಪರಿಚಿತವಾದುದೇ.

ಇಂದಿನ ಸ್ಥಿತಿ

ಸ್ಪರ್ಧೆಗೆ ನೋಂದಾಯಿತವಾದ ಫೋಕ್‌ಬೋಟಿನ ದೊಡ್ಡ ಹಾಯಿಯ ಮೇಲೆ ರೋಮನ್ ಲಿಪಿಯ ‘ಎಫ್’ ಅಕ್ಷರ, ದೇಶದ ಸಂಕೇತ ಮತ್ತು ದೋಣಿಯ ಸಂಖ್ಯೆ ಇರುತ್ತವೆ. ದೇಶದೇಶಗಳ ಫೋಕ್‌ಬೋಟ್ ಸಂಘಗಳು ಒಟ್ಟಾಗಿ ನಿಯಮಗಳನ್ನು ಕಾಯ್ದುಕೊಂಡು ಬಂದಿವೆ. ‘ಗೋಲ್ಡ್ ಕಪ್’ ಎಂಬ ಸ್ಪರ್ಧೆ ಈ ವರ್ಗದ ವಿಶ್ವ ಚಾಂಪಿಯನ್‌ಷಿಪ್‌ನಂತೆ ಮಾನ್ಯವಾಗಿದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆಯುವ ಅಂತರರಾಷ್ಟ್ರೀಯ ಕೂಟದಲ್ಲಿ ಯುರೋಪಿನಿಂದ ಬಂದ ನಾವಿಕರಿಗೆ ಸ್ಥಳೀಯರು ತಮ್ಮ ದೋಣಿಗಳನ್ನು ಎರವಲು ಕೊಡುವ ಪದ್ಧತಿಯಿದೆ. ದೋಣಿಗಳೆಲ್ಲ ಸಮಾನವಾದ ವರ್ಗದಲ್ಲಿ ಮಾತ್ರ ಎರವಲು ದೋಣಿಯಲ್ಲಿಯೂ ನ್ಯಾಯವಾಗಿ ಸ್ಪರ್ಧಿಸುವುದು ಸಾಧ್ಯ.

ಹಳೆಯ ಮರದ ಫೋಕ್‌ಬೋಟ್‌ಗಳು ಇಂದು ಕೊಳ್ಳಲು ಹೆಚ್ಚು ದುಬಾರಿಯಲ್ಲ. ಅವುಗಳ ನಿರ್ವಹಣೆಯೇ ಶ್ರಮದಾಯಕ. ಕಬ್ಬಿಣದ ಕೀಲನ್ನು ಬಿಗಿದ ಬೋಲ್ಟುಗಳ ತುಕ್ಕು, ಮುರಿದ ಪಕ್ಕೆಲುಬುಗಳು, ಮಳೆನೀರು ಇಳಿದು ಕೊಳೆತ ಹಲಗೆಯ ತುದಿಗಳು ಸಾಮಾನ್ಯವಾಗಿ ಕಂಡುಬರುವ ದೋಷಗಳು. ಕ್ಲಿಂಕರ್ ಪದ್ಧತಿಯಲ್ಲಿ ಹಾಳಾದ ಒಂದು ಹಲಗೆಯನ್ನು ಮಾತ್ರ ತೆಗೆದು ಬದಲಿಸಲು ಅವಕಾಶವಿರುವುದರಿಂದ, ಈ ಕೆಲಸ ಬಲ್ಲವರು ದೊರೆಯುವವರೆಗೆ ಇಂತಹ ದೋಣಿಯ ಆಯುಷ್ಯವನ್ನು ಮುಂದುವರಿಸುತ್ತ ಹೋಗಬಹುದು. ಯುದ್ಧಾನಂತರದ ವರ್ಷಗಳಲ್ಲಿ ಕಟ್ಟಿದ ಅನೇಕ ದೋಣಿಗಳು ಇಂದಿಗೂ ಪ್ರತಿ ವಸಂತದಲ್ಲಿ ನೀರಿಗಿಳಿಯುತ್ತಿವೆ.